ಸೌದೆ ಯಾರದು?

ಮುಂಬಯಿಯಲ್ಲಿ ನೆಲೆಸಿದ ನಮ್ಮ ಕರಾವಳಿಯವರಲ್ಲಿ ಐವತ್ತು ದಾಟಿದ ಮೇಲೆ ಒಂದು ಆಸೆ ಮೊಳೆಯುತ್ತದೆ. ಊರಿನ ಗುಡ್ಡೆಯಲ್ಲಿ ಪಾಲಿಗೆ ಬಂದ ಅರ್ಧ ಎಕರೆಯೋ ಒಂದು ಎಕರೆಯೋ ಖಾಲಿ ಬಿದ್ದಿರುತ್ತದೆ. ಅಲ್ಲಿ ಬೀಜ ಹಾಕಿ ಒಂದು ಸಣ್ಣ ಹಾಡಿ ಬೆಳೆಸಬೇಕು, ಬಚ್ಚಲೊಲೆಗಾದರೂ ಸ್ವಂತ ಸೌದೆ ಆಗಬೇಕು ಅನ್ನುವ ಆಸೆ. ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಮೂವತ್ತು ವರ್ಷ ಗೀಜರಿನ ನೀರು ಮಿಂದವರಿಗೆ ಊರಿನ ಹಂಡೆಯ ನೀರು ನೆನಪಾಗುವುದು ಸಹಜ. ಆಸೆಯಲ್ಲಿ ತಪ್ಪಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಕೂತಿದೆ: ದೂರದಲ್ಲಿ ಇರುವವನು ನೆಡಿಸಿದ ಮರ ನಿಜಕ್ಕೂ ಯಾರದು?

ಈ ಮಹಾನಗರದಲ್ಲಿ ಸೌದೆಯೇ ಉರಿಯುವುದಿಲ್ಲ ಎಂದು ಊರಿನವರು ಭಾವಿಸಿದ್ದರೆ ಅದು ಸರಿಯಲ್ಲ. ಬೆಳಗಿನ ಪಾವ್ ಬೇಯುವ ಎಷ್ಟೋ ಬೇಕರಿಗಳ ಭಟ್ಟಿಗೆ ಕಟ್ಟಿಗೆಯೇ ಆಹಾರ. ಕೆಡವಿದ ಕಟ್ಟಡಗಳ ಬಾಗಿಲು, ಕಿಟಕಿ, ಹಳೆ ಪೆಟ್ಟಿಗೆ, ಎಲ್ಲವೂ ಅದಕ್ಕೆ ಹೋಗುತ್ತಿತ್ತು. ಹೊಗೆಯ ಕಾರಣಕ್ಕೆ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಇಂಥ ಭಟ್ಟಿಗಳು ಆರು ತಿಂಗಳೊಳಗೆ ಗ್ಯಾಸ್ ಮುಂತಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಗಡುವು ಕೊಟ್ಟಿತು. ಇನ್ನು ಸ್ಮಶಾನ. ಒಂದು ಚಿತೆಗೆ ಸುಮಾರು 300 ಕಿಲೋ ಸೌದೆ ಬೇಕು. ಮಹಾನಗರಪಾಲಿಕೆ ಅದನ್ನು ಪುಕ್ಕಟೆಯಾಗಿ ಒದಗಿಸುತ್ತ ಬಂದಿದೆ. ಬೆಳೆ ತ್ಯಾಜ್ಯದಿಂದ ಮಾಡಿದ ಇಟ್ಟಿಗೆಗಳನ್ನು ಅದರ ಬದಲು ಬಳಸುವ ಯೋಜನೆ ಬಂದದ್ದು 2022ರಲ್ಲಿ. ಬದುಕಿನಲ್ಲಿ ಒಂದು ಗಿಡಕ್ಕೂ ನೀರೆರೆಯದವನಿಗೂ ಕೊನೆಗೆ 300 ಕಿಲೋ ಮರ ಸಿಗುತ್ತದೆ. ಅದು ಯಾವ ಮರ, ಯಾವ ಊರಿನದು, ಯಾರು ಬೆಳೆಸಿದ್ದು, ಅಳುತ್ತಾ ನಿಂತ ಮಕ್ಕಳಿಗೂ ಗೊತ್ತಿರುವುದಿಲ್ಲ. ಇಲ್ಲಿ ಬೆಂಕಿಗೆ ವಿಳಾಸವಿಲ್ಲ.

ಊರಲ್ಲಿ ಹಾಗಲ್ಲ. ಮನೆಯ ಹಿರಿಯರು ತೀರಿಕೊಂಡರೆ ಹಿತ್ತಿಲ ಮಾವಿನ ಮರಕ್ಕೆ ಕೊಡಲಿ ಬೀಳುತ್ತಿತ್ತು. ಅದು ಯಾರು ನೆಟ್ಟ ಮರ, ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತ್ತು ಎಂಬುದು ಮನೆಯವರಿಗೆಲ್ಲ ಗೊತ್ತು. ಮರ ಸುಡುವುದು ಅಲ್ಲಿ ಪಾಪವೆನಿಸುತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು ಅಷ್ಟೆ. ಸುಡುವವನು ಬೆಳೆಸಲೂ ಬೇಕು ಎಂಬ ನ್ಯಾಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಇಲ್ಲೂ ಆ ಲೆಕ್ಕ ಬಲ್ಲವರು ಇದ್ದಾರೆ. ನಗರದ ಮಗ್ಗುಲಲ್ಲೇ 100 ಚದರ ಕಿಲೋಮೀಟರಿಗೂ ಹೆಚ್ಚು ಹರಡಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಪಕ್ಕದ ಆರೆಯಲ್ಲಿ ವಾರ್ಲಿ ಆದಿವಾಸಿಗಳ ಪಾಡಾಗಳಿವೆ. ಉದ್ಯಾನದಿಂದ ಒಣಗಿದ ಕಡ್ಡಿ ಆಯ್ದು ತಲೆಹೊರೆ ಕಟ್ಟುವ ಹೆಂಗಸು ಕಾನೂನಿನ ಕಣ್ಣಿಗೆ ತಪ್ಪಿತಸ್ಥೆ. ಅದೇ ಆರೆಯಲ್ಲಿ 2019ರ ಅಕ್ಟೋಬರಿನಲ್ಲಿ ಮೆಟ್ರೋ ಡಿಪೋಗಾಗಿ 2,000ಕ್ಕೂ ಹೆಚ್ಚು ಮರಗಳು ಉರುಳಿದವು. ಸುಪ್ರೀಂ ಕೋರ್ಟು ತಡೆಯುವ ಹೊತ್ತಿಗೆ ಕೆಲಸ ಬಹುಪಾಲು ಮುಗಿದಿತ್ತು. ಮರದ ಜೊತೆ ಬದುಕಿದವರಿಗೆ ಹಕ್ಕಿಲ್ಲ, ದೂರದ ಕಚೇರಿಯಲ್ಲಿ ಕುಳಿತು ಸಹಿ ಹಾಕುವವರಿಗೆ ಇದೆ. ಇದನ್ನು ಕಂಡು ನಾವು ಸಿಟ್ಟಾಗುತ್ತೇವೆ. ಆದರೆ ಊರಿನ ಗುಡ್ಡೆಯ ಮಟ್ಟಿಗೆ ಆ ದೂರದ ಸಹಿ ನಮ್ಮದೇ ಅಲ್ಲವೆ?

ಹಾಡಿ ಬೆಳೆಸುವುದು ಅಂದರೇನು ಅಂತ ಸ್ವಲ್ಪ ನೋಡೋಣ. ಬೀಜ ಅಗ್ಗ. ಗಾಳಿ ಮರದ ಬಲಿತ ಕಾಯಿಗಳನ್ನು ಬಿಸಿಲಿಗೆ ಹರಡಿದರೆ ರೆಕ್ಕೆಯ ಸಣ್ಣ ಬೀಜ ತಾನಾಗಿ ಉದುರುತ್ತದೆ. ಇರುವೆ ಹೊತ್ತೊಯ್ಯದಂತೆ ಕಾದರಾಯಿತು. ಅಕೇಶಿಯದ ಗಟ್ಟಿ ಬೀಜವನ್ನು ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಬೇಕು. ಒಣಗಿಸಿಟ್ಟರೆ ವರ್ಷಗಟ್ಟಲೆ ಕಾಯುತ್ತದೆ. ನೇರಳೆ, ಹಲಸು ಕಾಯುವುದಿಲ್ಲ; ಹಣ್ಣು ತಿಂದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹೋಗಬೇಕು. ಗೊಬ್ಬರದ ಗಿಡವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಗಾಳಿ ಮರ ಸಾಮಾನ್ಯವಾಗಿ ಚಿಗುರುವುದಿಲ್ಲ, ಹೊಸದಾಗಿ ನೆಡಬೇಕು. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಕೂಡ ಗಾಳಿ, ಗೊಬ್ಬರದ ಗಿಡಗಳನ್ನು ಕಡಿಯುವುದಕ್ಕೆ ಅನುಮತಿ ಕೇಳುವುದಿಲ್ಲ. ಅವು ಬೆಳೆ ಇದ್ದ ಹಾಗೆ.

ಇಷ್ಟನ್ನು ರಜೆಯಲ್ಲಿ ಬಂದವನೂ ಮಾಡಿಯಾನು. ಕಷ್ಟ ಇರುವುದು ಮಳೆ ನಿಂತ ಮೇಲೆ. ಮುರಕಲ್ಲು ಗುಡ್ಡೆಯಲ್ಲಿ ಎಳೆ ಸಸಿ ಎರಡು ಬೇಸಿಗೆ ದಾಟಬೇಕು. ನೀರು ಹೊರಬೇಕು, ದನ ಅಟ್ಟಬೇಕು, ಕಾಡ್ಗಿಚ್ಚು ಬಾರದಂತೆ ಸುತ್ತ ತರಗೆಲೆ ಗುಡಿಸಬೇಕು. ಮುಂಬಯಿ ಮನೆಗಳಿಂದ ಊರಿಗೆ ಹೋಗುವ ಫೋನು ಹೆಚ್ಚುಕಡಿಮೆ ಹೀಗಿರುತ್ತದೆ:

“ಅಣ್ಣಾ, ಗುಡ್ಡೆ ಸುಮ್ನೆ ಬಿದ್ದಿದೆಯಲ್ಲ, ಒಂದಷ್ಟು ಗಿಡ ಹಾಕ್ಸು. ದುಡ್ಡು ನಾನು ಕಳಿಸ್ತೇನೆ.”

“ದುಡ್ಡು ಕಳಿಸ್ತಿ ಮಾರಾಯ. ನೀರು ಯಾರು ಹೊರೋದು? ನಿನ್ನ ಅತ್ತಿಗೆಗೆ ಮಂಡಿನೋವು.”

ಅಣ್ಣನ ಈ ಮಾತಿನಲ್ಲಿ ಕೊಂಕಿಲ್ಲ, ನ್ಯಾಯವಿದೆ. ಆರ್‌ಟಿಸಿಯಲ್ಲಿ ನಮ್ಮ ಹೆಸರಿದೆ, ಸಸಿಗೆ ಹಣವೂ ನಮ್ಮದೇ. ಆದ್ದರಿಂದ ಮರವೂ ನಮ್ಮದು ಎನ್ನುವುದು ಕಾಗದದ ಮಟ್ಟಿಗೆ ಸರಿ. ಆದರೆ ಸಸಿ ಕಾಗದ ನೋಡಿ ಬದುಕುವುದಿಲ್ಲ, ಕೊಡಪಾನ ಹೊತ್ತವರ ಸೊಂಟ ನೋಡಿ ಬದುಕುತ್ತದೆ.

ಕರ್ನಾಟಕ ಈ ಪ್ರಶ್ನೆಯನ್ನು ದೊಡ್ಡದಾಗಿಯೇ ಎದುರಿಸಿದೆ. ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಕೊಟ್ಟಾಗ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅವರು ಮರದ ವಿರೋಧಿಗಳಾಗಿರಲಿಲ್ಲ. ತಮ್ಮ ಒಲೆಗೂ ದನಕ್ಕೂ ಆಗದ ಮರವನ್ನು ದೂರದವರು ತಮ್ಮ ಅಂಗಳದಲ್ಲಿ ನೆಡುವುದನ್ನು ಒಪ್ಪಲಿಲ್ಲ, ಅಷ್ಟೆ.

ಕಂಪನಿಗೂ ಪರವೂರಲ್ಲಿ ದುಡಿಯುವ ತಮ್ಮನಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಪ್ರಮಾಣದಲ್ಲಿ ಇಲ್ಲ. ಆದರೆ ಇರುವವರನ್ನು ಕೇಳದೆ ಇಲ್ಲದವನು ನೆಡುವುದು ಎರಡೂ ಕಡೆ ಒಂದೇ. ಹಾಗಾದರೆ ನಾವು ನೆಡಲೇಬಾರದೆ? ಖಂಡಿತ ನೆಡಬೇಕು. ನೂರಾರು ವರ್ಷ ಉರಿಸುತ್ತಾ ಬಂದ ಮನೆತನಗಳು ನಮ್ಮವು, ಸಾಲ ಬಾಕಿ ಇದೆ. ಆದರೆ ಬೀಜ ಹಾಕುವ ಮೊದಲು ಎರಡು ಮಾತು ಆಗಬೇಕು. ಯಾವ ಗಿಡ ಎಂಬುದನ್ನು ಅಲ್ಲಿ ಒಲೆ ಉರಿಸುವವರು ಹೇಳಬೇಕು. ಸೌದೆ ನೀರು ಹೊತ್ತವರಿಗೆ ಸೇರಬೇಕು, ಅದು ಅತ್ತಿಗೆಯಾಗಲಿ, ಕೆಲಸದ ಹೆಂಗಸಾಗಲಿ. ಇದು ದಾನವಲ್ಲ, ಕೂಲಿಯ ಮೇಲಿನ ಭಕ್ಷೀಸೂ ಅಲ್ಲ, ಅವರ ಪಾಲು.

ಇದನ್ನು ಒಪ್ಪುವುದು ಸುಲಭವಲ್ಲ. ಆ ಗುಡ್ಡೆ ನಮಗೆ ಬರೀ ನೆಲವಲ್ಲ, ಎಂದಾದರೂ ಹಿಂತಿರುಗುತ್ತೇವೆ ಎಂಬ ಭರವಸೆಯ ಗುರುತು. ಅಲ್ಲಿಯ ಮರ ಇನ್ನೊಬ್ಬರದು ಎಂದಾಗ ಆ ಭರವಸೆಯ ಒಂದು ಕೊಂಬೆ ಮುರಿಯುತ್ತದೆ. ಮುರಿಯಲಿ. ಆರೇಳು ವರ್ಷಕ್ಕೆ ಗಾಳಿ ಮರ ಕಡಿತಕ್ಕೆ ಬರುತ್ತದೆ. ಅಷ್ಟರಲ್ಲಿ ನಾವು ಹೋಗಿರುತ್ತೇವೋ ಇಲ್ಲವೋ, ಅಲ್ಲಿ ಯಾರದೋ ಬಚ್ಚಲಲ್ಲಿ ನೀರು ಕಾದಿರುತ್ತದೆ. ನಾವು ಹೋದ ದಿನ ಒಂದು ಹಂಡೆ ನಮಗೂ ಸಿಕ್ಕೀತು, ನೆಂಟರಿಗೆ ಸಿಗುವ ಹಾಗೆ.