ಮೂಕ ಪ್ರೇಕ್ಷಕರಾಗಬೇಡಿ


ರಾಯದುರ್ಗ, ಮಡಕಶಿರಾ ಕಡೆಯ ಹಿರಿಯರಿಗೆ ಬಯಲಾಟ ಗೊತ್ತು. ಬೆಳಗಿನ ಜಾವ ಜನ ತೂಕಡಿಸಿದರೆ ಭೀಮನ ಕುಣಿತವೂ ಸೊರಗುತ್ತದೆ. ಚಾಪೆಯ ಮೇಲಿನ ಒಬ್ಬ ಅಜ್ಜ ‘ಭಲೇ’ ಎಂದರೆ ಸಾಕು, ಮದ್ದಳೆಗೆ ಮತ್ತೆ ಜೀವ ಬರುತ್ತದೆ. ನಮ್ಮ ತಾಡಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರಂಥ ನಟರಿಗೂ ಎದುರಿಗೆ ಜನ ಬೇಕಿತ್ತು.

ಬಲಿಪೂಜೆ ನಾಟಕವಲ್ಲ, ನಿಜ. ಕಲ್ವಾರಿಯ ಬಲಿ ನಮ್ಮ ಚಪ್ಪಾಳೆಗೆ ಕಾಯುವುದಿಲ್ಲ. ಆದರೂ ವಿಶ್ವಾಸಿಗಳು ಅಲ್ಲಿ ಪರಕೀಯರಂತೆ, ಮೂಕ ಪ್ರೇಕ್ಷಕರಂತೆ ಇರಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೋಧಿಸಿತು.

‘ಫಾದರ್, ತೆಲುಗು ಪೂಜೆಯಲ್ಲಿ ನಮಗೆ ಬಾಯೇ ಬರುವುದಿಲ್ಲ’ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಇದು ಸಣ್ಣ ಮಾತಲ್ಲ. ಅರ್ಥವಾಗದ ಪ್ರಾರ್ಥನೆಗೆ ಕೇಳುವವನು ‘ಆಮೆನ್’ ಹೇಗೆ ಹೇಳಿಯಾನು ಎಂದು ಸಂತ ಪೌಲರೇ ಕೇಳಿದ್ದಾರೆ (1 ಕೊರಿಂಥ 14:16). ಆದ್ದರಿಂದ ಕನ್ನಡದಲ್ಲಿ ಒಂದು ವಾಚನವಾದರೂ ಬೇಕೆಂದು ಕೇಳಿ, ಸಂಕೋಚ ಬೇಡ. ಅಲ್ಲಿಯವರೆಗೆ ಹಿಂದಿನ ಬಾಗಿಲ ಬಳಿಯೇ ನಿಂತು ಹೋಗಬೇಡಿ. ‘ಆಮೆನ್’ ಎರಡೂ ಭಾಷೆಗೆ ಒಂದೇ. ಅದನ್ನಾದರೂ ಪೀಠದವರೆಗೆ ಕೇಳುವಂತೆ ಹೇಳಿ.

ಕನ್ನಡ ವಾಚನ ಓದಬಲ್ಲವರು ಬರುವ ಭಾನುವಾರ ಪೂಜೆಗೆ ಮುಂಚೆ ನನ್ನನ್ನು ಕಾಣಿರಿ. ಓದು ತಡವರಿಸಿದರೂ ಚಿಂತೆಯಿಲ್ಲ.