ಏನೂ ಆಗಲಿಲ್ಲವಲ್ಲ!

ನಮ್ಮ ಮಾರುತಿ 800 ಗಾಡಿಯನ್ನು ಕೊಂಡದ್ದು 2004ರಲ್ಲಿ. ಹದಿನೈದು ವರ್ಷ ತುಂಬಿದಾಗ ಆರ್.ಟಿ.ಓ. ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಿಕೊಂಡು ಬಂದ ದಿನ ನಾನು ಮನೆಗೆ ಪೇಡೆ ತಂದಿದ್ದೆ. ಮಗ ನಕ್ಕ. ಅವನಿಗೆ ಹಳೆಯದೆಂದರೆ ಗುಜರಿಗೆ ಹಾಕುವಂಥದು. ಕೊಡೆಗೆ ಕಡ್ಡಿ ಹಾಕಿಸಿ, ಚಪ್ಪಲಿಗೆ ಅಟ್ಟೆ ಹೊಲಿಸಿ, ಕುಕ್ಕರಿನ ಹಿಡಿಕೆಯನ್ನು ಮೂರು ಸಲ ಬದಲಿಸಿ ಮುಂಬಯಿಯಲ್ಲಿ ಸಂಸಾರ ಮಾಡಿದ ನನ್ನಂಥವನಿಗೆ ಅದು ಬರಿಯ ಜಿಪುಣತನವಲ್ಲ, ಒಂದು ಶೀಲ. ಆ ಶೀಲದ ಬಗೆಗೇ ಈಗ ನನಗೊಂದು ಸಂಶಯ ಹುಟ್ಟಿದೆ. ಅದನ್ನು ಓದುಗರ ಮುಂದಿಡುತ್ತೇನೆ.

ಕಳೆದ ಮಳೆಗಾಲದ ಒಂದು ಸಂಜೆ ಮಾಟುಂಗಾದಿಂದ ಮನೆಗೆ ಮರಳುತ್ತಿದ್ದೆವು. ಶಾಲೆಯೊಂದರ ಹತ್ತಿರ ಎಡಗಡೆಯ ಫುಟ್‌ಪಾತಿನಿಂದ ಹುಡುಗನೊಬ್ಬ ಕೊಡೆಯನ್ನು ಗಾಳಿಗೆ ಅಡ್ಡ ಹಿಡಿದುಕೊಂಡು ಥಟ್ಟನೆ ರಸ್ತೆಗಿಳಿದ. ನಾನು ಬ್ರೇಕನ್ನು ಬಲವಾಗಿ ತುಳಿದೆ. ಗಾಡಿ ನೇರವಾಗಿ ನಿಲ್ಲಲಿಲ್ಲ. ಬಲಕ್ಕೆ ತಿರುಗಿಕೊಂಡು ಡಿವೈಡರಿನ ಪಕ್ಕಕ್ಕೆ ಹೋಗಿ ನಿಂತಿತು. ಹುಡುಗ ಕೊಡೆ ಸರಿಪಡಿಸಿಕೊಂಡು, ನಮ್ಮ ಕಡೆ ನೋಡದೆಯೇ ದಾಟಿ ಹೋದ. ನನ್ನ ಕೈ ನಡುಗುತ್ತಿದ್ದುದನ್ನು ಕಂಡು ಹೆಂಡತಿ, “ಏನೂ ಆಗಲಿಲ್ಲವಲ್ಲ, ಬಿಡಿ,” ಎಂದಳು.

ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಎರಡು ತಿಂಗಳಿಂದ ಬ್ರೇಕು ಹಾಕಿದಾಗಲೆಲ್ಲ ಗಾಡಿ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಒಂದು ದಿನ ಎಡ ಮುಂದಿನ ಚಕ್ರದ ಹತ್ತಿರ ಕೈಯಿಟ್ಟಾಗ ಕಾದ ಕಾವಲಿಯ ಬಿಸಿ. ಮಳೆ ಮುಗಿಯಲಿ, ಒಮ್ಮೆಲೇ ತೋರಿಸೋಣ ಎಂದುಕೊಂಡಿದ್ದೆ.

ಮರುದಿನವೇ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮಿಸ್ತ್ರಿ ರತ್ನಾಗಿರಿ ಕಡೆಯವರು, ಮಿತಭಾಷಿ. ಚಕ್ರ ಬಿಚ್ಚಿ, “ಕ್ಯಾಲಿಪರ್ ಜಾಮ್ ಆಗಿದೆ,” ಎಂದರು. ಈ ಗಾಡಿಯ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡೂ ಮಗ್ಗುಲಿಂದ ಇಕ್ಕಳದಂತೆ ಹಿಡಿಯುವುದೇ ಕ್ಯಾಲಿಪರ್. ಪೆಡಲು ತುಳಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಪಿಸ್ಟನ್ ಮುಂದೆ ಸರಿದು ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಕಾಲು ತೆಗೆದ ಮೇಲೆ ಪಿಸ್ಟನ್ನನ್ನು ಹಿಂದಕ್ಕೆ ಕರೆದುಕೊಳ್ಳಲು ಅಲ್ಲಿ ಸ್ಪ್ರಿಂಗಿಲ್ಲ. ಅದರ ಸುತ್ತ ಕೂತಿರುವ ರಬ್ಬರ್ ಸೀಲು ತುಸು ಬಾಗಿದ್ದುದು ಮತ್ತೆ ನೆಟ್ಟಗಾಗುತ್ತ ಅದನ್ನು ಕೂದಲೆಳೆಯಷ್ಟು ಹಿಂದೆಳೆಯುತ್ತದೆ, ಅಷ್ಟೆ. ನಮ್ಮ ಗಾಡಿಯಲ್ಲಿ ಪಿಸ್ಟನ್ನಿನ ಮೇಲಿನ ರಬ್ಬರ್ ಬೂಟು ಹರಿದು, ಮಳೆಯ ನೀರೂ ಕಡಲ ಗಾಳಿಯೂ ಒಳಸೇರಿ ತುಕ್ಕು ಹಿಡಿದಿತ್ತು. ಬ್ರೇಕ್ ಆಯಿಲು ತಾನಾಗಿಯೇ ಗಾಳಿಯ ತೇವವನ್ನು ಹೀರುವ ವಸ್ತು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದನ್ನು ನಾನು ಆರು ವರ್ಷ ಮುಟ್ಟಿರಲಿಲ್ಲ. ಹೀಗಾಗಿ ಎಡಗಡೆಯ ಪಿಸ್ಟನ್ನು ಪೂರ್ತಿ ಒತ್ತುತ್ತಲೂ ಇರಲಿಲ್ಲ, ಪೂರ್ತಿ ಬಿಡುತ್ತಲೂ ಇರಲಿಲ್ಲ. ಬಲಗಡೆಯದು ಮಾತ್ರ ಗಟ್ಟಿಯಾಗಿ ಹಿಡಿದುದರಿಂದ ಗಾಡಿ ಬಲಕ್ಕೆ ತಿರುಗಿತ್ತು.

ಇದನ್ನು ಕೇಳಿದಾಗ ಹೊಳೆದ ಒಂದು ಸಂಗತಿ ಇಂದಿಗೂ ನನ್ನನ್ನು ಬಿಟ್ಟಿಲ್ಲ. ತುಕ್ಕು ಹಿಡಿದದ್ದು ಎಡಗಡೆಗೆ. ಅದೇ ಬಲಗಡೆಗೆ ಹಿಡಿದಿದ್ದರೆ? ಗಾಡಿ ಎಡಕ್ಕೆ, ಆ ಕೊಡೆಯ ಮೇಲೆಯೇ ಹೋಗುತ್ತಿತ್ತು. ನನ್ನ ಅಲಕ್ಷ್ಯ ಒಂದೇ, ನನ್ನ ಕಾಲಿನ ವೇಗ ಒಂದೇ. ಯಾವ ಬೂಟು ಮೊದಲು ಹರಿಯಿತು ಎಂಬುದೊಂದೇ ಬೇರೆ. ಅದರ ಆಯ್ಕೆಯಲ್ಲಿ ನನ್ನ ಪಾತ್ರವೇನೂ ಇರಲಿಲ್ಲ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನಾಗೆಲ್ ಎಂಬ ಇಬ್ಬರು ತತ್ತ್ವಶಾಸ್ತ್ರಜ್ಞರು ‘ನೈತಿಕ ಅದೃಷ್ಟ’ದ ಕುರಿತು ಚರ್ಚೆಯೆತ್ತಿದರು. ಆಶ್ಚರ್ಯವೆಂದರೆ ನಾಗೆಲ್ ಕೊಡುವ ಉದಾಹರಣೆಗಳಲ್ಲಿ ಒಂದು, ಬ್ರೇಕನ್ನು ಸಕಾಲದಲ್ಲಿ ಪರೀಕ್ಷೆ ಮಾಡಿಸದ ಚಾಲಕನದೇ. ಮಗು ಅಡ್ಡ ಬಂದರೆ ಅವನು ಕೊಲೆಗಡುಕನಂತೆ ನರಳುತ್ತಾನೆ. ಬಾರದಿದ್ದರೆ ಅದೇ ಮನುಷ್ಯ ಅದೇ ಅಲಕ್ಷ್ಯದೊಡನೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಮನುಷ್ಯನ ಕೈಯಲ್ಲಿಲ್ಲದ್ದಕ್ಕೆ ಅವನನ್ನು ಹೊಣೆ ಮಾಡಬಾರದೆಂದು ನಾವೆಲ್ಲ ಒಪ್ಪುತ್ತೇವೆ, ಆದರೂ ಫಲವನ್ನು ನೋಡಿಯೇ ತೂಗುತ್ತೇವೆ.

ನಮ್ಮ ಕಾನೂನೂ ಇಲ್ಲಿ ಎರಡು ಮನಸ್ಸಿನದು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು, ಅಪಾಯಕಾರಿ ದೋಷವಿರುವ ಗಾಡಿಯನ್ನು ಓಡಿಸುವುದನ್ನೇ ಅಪರಾಧವೆನ್ನುತ್ತದೆ. ದೋಷ ಗೊತ್ತಿರಬೇಕೆಂದೇನೂ ಇಲ್ಲ, ಸಾಮಾನ್ಯ ಎಚ್ಚರದಿಂದ ಗೊತ್ತಾಗುವಂತಿದ್ದರೆ ಸಾಕು. ಆದರೆ ಅಲಕ್ಷ್ಯದಿಂದ ಜೀವ ಹೋದರೆ 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಸೆರೆ. ನಡುವಿನ ಈ ಅಂತರವೆಲ್ಲ ಅದೃಷ್ಟದ ಬೆಲೆಯೇ? ನನ್ನ ಬುದ್ಧಿ ಹೌದೆನ್ನುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳ ಮುಂದೆ ನಿಂತು ಹಾಗೆನ್ನಲು ನನಗೆ ಬಾಯಿ ಬರದು. ಆದ್ದರಿಂದ ನಾನು ಆ ಚಾಲಕನಿಗೆ ಸರಿಸಮ ಎನ್ನುವುದಿಲ್ಲ. ಇಷ್ಟನ್ನು ಮಾತ್ರ ಹೇಳಬಲ್ಲೆ: ‘ಏನೂ ಆಗಲಿಲ್ಲ’ ಎಂಬುದು ಆ ಹುಡುಗನ ಬಗ್ಗೆ ನಿಜ. ನನ್ನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನನ್ನ ಪಾಲಿನದು ಆ ಎರಡು ತಿಂಗಳಲ್ಲಿ, ದಿನದಿನವೂ, ಆಗಿಯೇ ಹೋಗಿತ್ತು.

ಮಿಸ್ತ್ರಿಯ ಕೆಲಸದ ರೀತಿ ನೋಡುವಂತಿತ್ತು. ತುಕ್ಕು ಹಿಡಿದ ಪಿನ್ನುಗಳಿಗೆ ಅವರು ಸುತ್ತಿಗೆ ಹಾಕಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಹಿಂದಕ್ಕೊಂದಿಷ್ಟು ಮುಂದಕ್ಕೊಂದಿಷ್ಟು ತಿರುಗಿಸುತ್ತ ಬಿಡಿಸಿದರು. ಸವೆತವಿರಲಿಲ್ಲವಾಗಿ ಉಜ್ಜಿ, ರಬ್ಬರಿಗೆ ಒಗ್ಗುವ ಗ್ರೀಸು ಹಚ್ಚಿ ಅವನ್ನೇ ಇಟ್ಟುಕೊಂಡರು. ಸಾಮಾನ್ಯ ಗ್ರೀಸು ತಾಗಿದರೆ ರಬ್ಬರು ಊದಿಕೊಳ್ಳುತ್ತದಂತೆ. ಪಿಸ್ಟನ್ನಿಗೂ ಇಕ್ಕಳ ಹಾಕಲಿಲ್ಲ. ಎದುರಿಗೆ ಮರದ ತುಂಡನ್ನಿಟ್ಟು, ಪೆಡಲನ್ನು ಮೆಲ್ಲಗೆ ತುಳಿಯಲು ನನ್ನನ್ನೇ ಕೂರಿಸಿದರು. ಆಯಿಲಿನ ಒತ್ತಡಕ್ಕೆ ಅದು ನರಳುತ್ತ ಹೊರಬಂತು. ಅದರ ನುಣುಪಾದ ಮೈಮೇಲೆ ರಾಗಿಕಾಳಿನಂಥ ಗುಳಿಗಳು.

“ಎಮರಿ ಕಾಗದದಿಂದ ಉಜ್ಜಿದರೆ ನಡೆಯುವುದಿಲ್ಲವೇ?” ಎಂದೆ. ಅಷ್ಟೆಲ್ಲ ಆದ ಮೇಲೆಯೂ ನನ್ನ ಬಾಯಿಂದ ಬಂದ ಮಾತು ಇದೇ!

“ಕಲೆಯಾದರೆ ಉಜ್ಜಬಹುದು ಸಾಬ್, ಗುಳಿಯನ್ನಲ್ಲ. ಗುಳಿ ಸೀಲನ್ನು ತಿನ್ನುತ್ತದೆ. ರಸ್ತೆಯಲ್ಲಿ ನೀವೊಬ್ಬರೇ ಓಡಾಡುವುದಾದರೆ ಹೇಳಿ, ಉಜ್ಜಿ ಕೊಡುತ್ತೇನೆ.”

ಹರಿದ ಚಪ್ಪಲಿ ಹೊಲಿಸಿಕೊಂಡರೆ ಮುಳ್ಳು ಚುಚ್ಚುವುದು ನನ್ನ ಕಾಲಿಗೆ. ಆ ಉಳಿತಾಯ ನನ್ನದು, ಅದರ ನೋವೂ ನನ್ನದು. ಬ್ರೇಕಿನಲ್ಲಿ ಉಳಿಸುವ ಹಣ ನನ್ನ ಜೇಬಿಗೆ, ಅದರ ಅಪಾಯ ಎದುರಿಗೆ ಬರುವ ಅಪರಿಚಿತನಿಗೆ. ಇಷ್ಟು ವರ್ಷ ಇವೆರಡನ್ನೂ ಮಿತವ್ಯಯವೆಂಬ ಒಂದೇ ಹೆಸರಿನಿಂದ ಕರೆಯುತ್ತ ಬಂದಿದ್ದೆನಲ್ಲ! ಪಿಸ್ಟನ್ನನ್ನೂ ಸೀಲನ್ನೂ ಹೊಸದಾಗಿ ಹಾಕಿ ಎಂದೆ. ಖರ್ಚು, ನಾವಿಬ್ಬರೂ ಹೋಟೆಲಿನಲ್ಲಿ ಒಂದು ಹೊತ್ತು ಊಟ ಮಾಡಿದಷ್ಟೂ ಆಗಲಿಲ್ಲ.

ಎಡಗಡೆಯ ಕೆಲಸ ಮುಗಿಸಿ ಮಿಸ್ತ್ರಿ ಜಾಕನ್ನು ಬಲಗಡೆಗೆ ಒಯ್ದರು.

“ಅದು ಸರಿಯಾಗಿಯೇ ಇದೆಯಲ್ಲ?” ಎಂದೆ.

ಅವರು ಉತ್ತರ ಕೊಡದೆ ಚಕ್ರದ ನಟ್ಟು ಸಡಿಲಿಸತೊಡಗಿದರು.