ಋಷಿಮೂಲ, ನದಿಮೂಲ, ಬೋಗಿಮೂಲ

ಋಷಿಮೂಲ, ನದಿಮೂಲ ಕೇಳಬಾರದು ಅಂತಾರೆ ನಮ್ಮಲ್ಲಿ. ಆದರೆ ಹಳೇ ರೈಲು ಬೋಗಿಯ ಮೂಲ ಹುಡುಕೋಕೆ ಅಂತಲೇ ತಮ್ಮ ಭಾನುವಾರಗಳನ್ನು ಮೀಸಲಿಟ್ಟ ಜನ ಅಮೆರಿಕದಲ್ಲಿದ್ದಾರೆ. ಅವರ ಕೈಯಲ್ಲಿರೋದು ಬರೀ ಒಂದು ಫೋಟೋ. ಯಾವುದೋ ಯಾರ್ಡಿನ ಮೂಲೆ, ಗಿಡಗಂಟಿ, ಅದರ ನಡುವೆ ಹಳಿ ರಿಪೇರಿ ಗ್ಯಾಂಗಿನ ಒಂದು ತುಕ್ಕು ಹಿಡಿದ ಡಬ್ಬಿ. ಮೈಮೇಲೆ ಒಂದು ನಂಬರು ಬಿಟ್ಟರೆ ಏನೂ ಇಲ್ಲ. ಇದು ಮೊದಲು ಏನಾಗಿತ್ತು ಅನ್ನೋದೇ ಅವರ ಪ್ರಶ್ನೆ.

ಪ್ರಶ್ನೆಗೆ ಕಾರಣ ಇದೆ. ಅಲ್ಲಿನ ರೈಲು ಕಂಪನಿಗಳು ರಿಪೇರಿ ಕೆಲಸದವರಿಗೆ ಅಂತ ಹೊಸ ಬೋಗಿ ಕಟ್ಟಿಸಿದ್ದು ಕಮ್ಮಿ. ಪ್ರಯಾಣಿಕರ ಸೇವೆಯಿಂದ ನಿವೃತ್ತಿಯಾದ ಬೋಗಿಯೇ ಗ್ಯಾಂಗಿನವರ ಮಲಗೋ ಮನೆ, ಅಡುಗೆಮನೆ ಅಥವಾ ಉಗ್ರಾಣ ಆಗ್ತಿತ್ತು. ಉಗಿ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಓಡಾಡುತ್ತಿದ್ದ ಟೆಂಡರ್, ಎಂಜಿನ್ ಗುಜರಿಗೆ ಹೋದ ಮೇಲೆ ನೀರಿನ ಡಬ್ಬಿ ಆಗ್ತಿತ್ತು. ಹೊಸ ಬಣ್ಣ, ಹೊಸ ನಂಬರ್, ಬೇಡದ ಕಿಟಕಿಗಳಿಗೆ ತಗಡು. ಅಲ್ಲಿಗೆ ಹಳೇ ಗುರುತು ಮುಗೀತು.

ನಿಜವಾಗಿ ಮುಗಿಯೋದಿಲ್ಲ. ಬಲ್ಲವರು ಬಣ್ಣ ನೋಡಲ್ಲ, ನಂಬರನ್ನೂ ಅಷ್ಟಾಗಿ ನಂಬಲ್ಲ. ರಿವೆಟ್‌ಗಳ ಸಾಲು, ಚಾವಣಿಯ ಆಕಾರ, ತಗಡಿನಡಿ ಮುಚ್ಚಿಹೋದ ಕಿಟಕಿಗಳ ಅಂತರ, ಕೆಳಗಿನ ಚಕ್ರದ ಚೌಕಟ್ಟು, ಇವನ್ನು ನೋಡ್ತಾರೆ. ಹಳೇ ಪುಲ್‌ಮನ್ ಮಲಗುಬೋಗಿಯಾದರೆ ಒಂದೊಂದು ಚೌಕಟ್ಟಿನಲ್ಲಿ ಮೂರು ಜೊತೆ ಚಕ್ರ, ನಡುವೆ ಎತ್ತರಿಸಿದ ಚಾವಣಿ, ಜೋಡಿ ಜೋಡಿ ಕಿಟಕಿ, ಶೌಚಾಲಯ ಇದ್ದ ಕಡೆ ಒಂದು ಸಣ್ಣ ಕಿಟಕಿ. ಕೋಣೆಗಳಿದ್ದ ಬೋಗಿಗೆ ಎರಡು ಮಗ್ಗುಲೂ ಒಂದೇ ಥರ ಇರಲ್ಲ. ಹಾಗಾಗಿ ಒಂದೇ ಕಡೆಯಿಂದ ತೆಗೆದ ಫೋಟೋ ಅರ್ಧ ಸತ್ಯ ಮಾತ್ರ ಹೇಳುತ್ತೆ.

ಎರಡನೇ ಮಹಾಯುದ್ಧದ ಸೈನಿಕರ ಮಲಗುಬೋಗಿಗಳು ಇನ್ನೂ ಸ್ವಾರಸ್ಯ. ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿ 1943ರಿಂದ ಇಂಥ 2,400 ಬೋಗಿ ಕಟ್ಟಿತು. ಸಾಮಾನು ಸಾಗಿಸೋ ಡಬ್ಬಿಯ ವಿನ್ಯಾಸಕ್ಕೇ ಕಿಟಕಿ ಕೊರೆದು, ಒಳಗೆ ಮೂರು ಅಂತಸ್ತಿನ ಮಲಗುಹಲಗೆ ಹಾಕಿ, 29 ಸೈನಿಕರು ಮತ್ತು ಒಬ್ಬ ಪೋರ್ಟರ್‌ಗೆ ಜಾಗ ಮಾಡಿದ್ದರು. ಯುದ್ಧ ಮುಗಿದ ಮೇಲೆ ಎಷ್ಟೋ ಬೋಗಿಗಳು ರಿಪೇರಿ ಗ್ಯಾಂಗಿನ ಪಾಲಾದವು. ಸೈನಿಕರು ಕೆಲವು ವರ್ಷ ಮಲಗಿದ ಡಬ್ಬಿಯಲ್ಲಿ ಗ್ಯಾಂಗಿನವರು ದಶಕಗಳ ಕಾಲ ಮಲಗಿದರು.

ಈಗ ಹೇಳಿ, ಅದು ಸೈನಿಕರ ಬೋಗಿಯೋ, ಗ್ಯಾಂಗಿನ ಬೋಗಿಯೋ?

ಹುಡುಕೋರು ಥಟ್ಟಂತ 'ನಿಜದಲ್ಲಿ ಇದು ಸೈನಿಕರ ಬೋಗಿ' ಅಂತಾರೆ. ಆ 'ನಿಜದಲ್ಲಿ' ಅನ್ನೋ ಪದದ ಮೇಲೆ ನನಗೆ ತಕರಾರು. ಮೊದಲಿನದು ಮಾತ್ರ ನಿಜ, ಆಮೇಲಿನದೆಲ್ಲ ಬರೀ ಆಗಿಹೋದದ್ದು ಅಂತ ಯಾರು ತೀರ್ಮಾನ ಮಾಡಿದ್ದು? ವಯಸ್ಸಿನ ಲೆಕ್ಕ ಹಾಕಿದರೆ ಈ ಬೋಗಿ ಹೆಚ್ಚು ಬದುಕಿದ್ದು ಗ್ಯಾಂಗಿನ ಜೊತೆ.

ಇದು ಬರೀ ಕಬ್ಬಿಣದ ವಿಷಯ ಅಲ್ಲ. ಪುಲ್‌ಮನ್ ಕಂಪನಿ ತನ್ನ ಮಲಗುಬೋಗಿಗಳಿಗೆ ಒಂದೊಂದಕ್ಕೂ ಹೆಸರಿಡುತ್ತಿತ್ತು. ಆದರೆ ಅದೇ ಬೋಗಿಯೊಳಗೆ ಹಾಸಿಗೆ ಹಾಸುತ್ತಿದ್ದ ಕಪ್ಪುಜನರ ಪೋರ್ಟರ್‌ಗಳನ್ನು ಎಷ್ಟೋ ಪ್ರಯಾಣಿಕರು 'ಜಾರ್ಜ್' ಅಂತಲೇ ಕರೀತಿದ್ದರು. ಕಂಪನಿ ಕಟ್ಟಿದ ಜಾರ್ಜ್ ಪುಲ್‌ಮನ್ ಹೆಸರು ಅದು. ಗುಲಾಮರನ್ನು ಯಜಮಾನನ ಹೆಸರಿನಿಂದ ಕರೆಯೋ ಚಾಳಿಯ ಮುಂದುವರಿಕೆ. ಬೋಗಿಗೆ ಸ್ವಂತ ಹೆಸರಿತ್ತು, ಮನುಷ್ಯನಿಗಿರಲಿಲ್ಲ. ಈ ಪೋರ್ಟರ್‌ಗಳು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ನಾಯಕತ್ವದಲ್ಲಿ ಸಂಘ ಕಟ್ಟಿದರು. ಕಂಪನಿ ಅವರ ಜೊತೆ ಒಪ್ಪಂದಕ್ಕೆ ಸಹಿ ಹಾಕೋಕೆ 1937 ಬರಬೇಕಾಯ್ತು.

ಇನ್ನು ಹಳಿ ಕೆಲಸದವರು. ಯುದ್ಧಕಾಲದಲ್ಲಿ, 1943ರಿಂದ, ಅಮೆರಿಕದ ಹಳಿಗಳ ಕೆಲಸಕ್ಕೆ ಅಂತಲೇ ಮೆಕ್ಸಿಕೋದಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆಸಿಕೊಂಡರು. ಹಳೇ ಡಬ್ಬಿಗಳೇ ಅವರಲ್ಲಿ ಅನೇಕರಿಗೆ ಮನೆ. ಬೋಗಿಯ ಹಳೇ ಹೆಸರು ಕಂಪನಿಯ ದಾಖಲೆಯಲ್ಲಿ ಸಿಗಬಹುದು. ಅದರೊಳಗೆ ಮಲಗಿ ಎದ್ದವನ ಹೆಸರು ಯಾವ ರಿವೆಟ್ ಸಾಲಲ್ಲೂ ಸಿಗಲ್ಲ.

ಹಾಗಿರುವಾಗ ಒಂದು ಮ್ಯೂಸಿಯಮ್ಮು ಇಂಥ ಬೋಗಿಯನ್ನು ತಂದು 'ಮೂಲ ರೂಪಕ್ಕೆ' ತರ್ತೀವಿ ಅಂದಾಗ ಏನಾಗುತ್ತೆ ನೋಡಿ. ಗ್ಯಾಂಗಿನವರು ಕೂರಿಸಿದ ಒಲೆ, ಅವರು ಹೊಡೆದ ಮೊಳೆ, ಅವರ ಬಟ್ಟೆ ಗೂಟ ಎಲ್ಲ ಕಿತ್ತುಹೋಗುತ್ತೆ. ಮ್ಯೂಸಿಯಮ್ಮಿನವರನ್ನು ಬೈಯೋದು ಸುಲಭ, ಆದರೆ ನ್ಯಾಯ ಅಲ್ಲ. ಇರೋದು ಒಂದೇ ಬೋಗಿ, ಒಂದೇ ಜಾಗದಲ್ಲಿ ಎರಡು ಕಾಲ ಇಡೋಕಾಗಲ್ಲ. ಏನನ್ನೋ ಆರಿಸಿಕೊಳ್ಳಲೇಬೇಕು. ನನ್ನ ಕೇಳಿಕೆ ಇಷ್ಟೇ: ಕಿತ್ತು ಹಾಕಿದ್ದನ್ನು 'ಹಾಳಾಗಿದ್ದು' ಅನ್ನಬೇಡಿ. ಅದೂ ಬದುಕೇ. ಕೀಳೋ ಮುಂಚೆ ಅದರದ್ದೂ ಒಂದು ಫೋಟೋ ತೆಗೆದಿಡಿ.

ನಮ್ಮ ಕಡೆ ಮೂಲ ಕೇಳಬಾರದು ಅನ್ನೋ ಗಾದೆ ಇದ್ದರೂ, ನಾವು ಕೇಳದೆ ಬಿಡೋರಲ್ಲ. ಬಾಡಿಗೆ ಮನೆ ನೋಡೋಕೆ ಹೋದರೆ 'ನೀವು ಯಾವ ಪೈಕಿ?' ಆಫೀಸಲ್ಲಿ ಹದಿನೈದು ವರ್ಷದ ಅನುಭವ ಇರೋರಿಗೂ 'ಯಾವ ಕಾಲೇಜು?' ಉತ್ತರ ಬಂದ ತಕ್ಷಣ ಎದುರಿಗಿರೋರನ್ನ ಒಂದು ಖಾನೆಗೆ ಹಾಕಿ ಬಾಗಿಲು ಮುಚ್ಚಿಬಿಡ್ತೀವಿ. ಆಮೇಲೆ ಅವರು ಏನು ಮಾಡಿದರು, ಏನು ಹೊತ್ತರು, ಯಾರಿಗೆ ನೆರಳಾದರು ಅನ್ನೋದು ಲೆಕ್ಕಕ್ಕಿಲ್ಲ.

ಹಾಗಂತ ಮೂಲ ಕೇಳೋದೇ ತಪ್ಪು ಅಂತಲೂ ಅನ್ನಲಾರೆ. ತುಕ್ಕು ಹಿಡಿದ ಡಬ್ಬಿಯನ್ನು ಗುಜರಿ ಅನ್ನದೆ, ನಿನ್ನ ಕಥೆ ಏನು ಅಂತ ಕೇಳೋದರಲ್ಲಿ ಒಂದು ಪ್ರೀತಿ ಇದೆ. ಫರಕು ಇರೋದು ಉತ್ತರ ಸಿಕ್ಕ ಮೇಲೆ ಏನು ಮಾಡ್ತೀವಿ ಅನ್ನೋದರಲ್ಲಿ. ಆ ಉತ್ತರದಿಂದ ಕಥೆ ಉದ್ದವಾದರೆ ಅದು ಗೌರವ, ಕಥೆ ಅಲ್ಲಿಗೇ ಮುಗಿದುಹೋದರೆ ಅದು ಬರೀ ದರ್ಜೆ ಕಟ್ಟೋ ಕೆಲಸ.

ಮೊದಲು ಏನಾಗಿತ್ತು ಅಂತ ಖಂಡಿತ ಕೇಳಿ. ಆಮೇಲೆ ಏನಾಯ್ತು ಅಂತ ಕೇಳೋದನ್ನೂ ಮರೀಬೇಡಿ.